ವಿಟ್ಮನ್ ಯಾರ ಕವಿ?

"ಬೋನಸ್ಸಿನ ಮಾತಿಗೇ ನಮ್ಮ ಪತ್ರಿಕೆಯಲ್ಲಿ ಜಾಗ ಸಾಲದು. ಅಂಥದರಲ್ಲಿ ಅಮೆರಿಕದ ಸತ್ತ ಕವಿಯೊಬ್ಬನ ಸುದ್ದಿ ಯಾಕೆ ಮೇಷ್ಟ್ರೇ?" ಎಂದು ಗಿರಣಿಯ ಮಿತ್ರರೊಬ್ಬರು ನಮ್ಮನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಧಣಿಗಳು ಆ ಕವಿಯನ್ನು ಅವನ ಪಾಡಿಗೆ ಬಿಟ್ಟಿದ್ದರೆ ನಾವೂ ಸುಮ್ಮನಿರುತ್ತಿದ್ದೆವು. ಅವರು ಬಿಟ್ಟಿಲ್ಲ, ಆದ್ದರಿಂದ ನಾವೂ ಬಿಡುವಂತಿಲ್ಲ.

2009ರಲ್ಲಿ ಲೀವೈಸ್ ಎಂಬ ಅಮೆರಿಕದ ಜೀನ್ಸ್ ಕಂಪನಿ ಒಂದು ಜಾಹೀರಾತನ್ನು ಹೊರಡಿಸಿತು. ಹಳೆಯ ಮೇಣದ ಉರುಳೆಯ ಮೇಲೆ ಉಳಿದು ಬಂದ ಗರಗರ ಧ್ವನಿಯೊಂದು ಅದರಲ್ಲಿ ಕವಿತೆ ಓದುತ್ತದೆ. ಅದು ವಾಲ್ಟ್ ವಿಟ್ಮನ್ನನ ಧ್ವನಿಯೆಂದೇ ಪ್ರತೀತಿ. ಧ್ವನಿಯ ಹಿಂದೆ ಹರೆಯದ ಹುಡುಗ ಹುಡುಗಿಯರು ಕುಣಿಯುತ್ತಾರೆ, ಓಡುತ್ತಾರೆ. ಕೊನೆಗೆ ಷರಾಯಿಯ ಹೆಸರು. ದುಡಿಯುವವರ ಕವಿ, ದುಡಿಯುವವರ ಷರಾಯಿ, ಎಂಥ ಒಳ್ಳೆಯ ಜೋಡಿ ಎಂದು ನೋಡಿದವರಿಗೆ ಅನ್ನಿಸಬೇಕು! ಆದರೆ ಈ ಕಂಪನಿ ತನ್ನ ದೇಶದಲ್ಲಿ ತನ್ನದೇ ಆಗಿದ್ದ ಕೊನೆಯ ಹೊಲಿಗೆ ಕಾರ್ಖಾನೆಗಳನ್ನು ಟೆಕ್ಸಸ್ಸಿನ ಸ್ಯಾನ್ ಆಂಟೋನಿಯೊ ಊರಿನಲ್ಲಿ 2004ರ ಆರಂಭಕ್ಕೆಲ್ಲ ಮುಚ್ಚಿ ಬೀಗ ಹಾಕಿತ್ತು. ಅದೇ ಊರಿನ ಇನ್ನೊಂದು ಕಾರ್ಖಾನೆಯನ್ನು 1990ರಲ್ಲಿ ಮುಚ್ಚಿ ಕೆಲಸವನ್ನು ಕೋಸ್ಟರಿಕಕ್ಕೆ ಸಾಗಿಸಿದಾಗ ಸಾವಿರಕ್ಕೂ ಮಿಕ್ಕಿ ಜನ ಬೀದಿಗೆ ಬಿದ್ದಿದ್ದರು. ಅವರಲ್ಲಿ ಬಹುಪಾಲು ಮೆಕ್ಸಿಕೋ ಮೂಲದ ಹೆಂಗಸರು. ಹೊಲಿಯುವ ಕೈಗಳನ್ನು ಮನೆಗೆ ಕಳುಹಿಸಿದ ಮೇಲೆ, ಆ ಕೈಗಳನ್ನು ಹೊಗಳಿದ ಕವಿಯನ್ನು ಕೂಲಿಯಿಲ್ಲದ ಆಳಾಗಿ ಇಟ್ಟುಕೊಂಡರು. 2014ರಲ್ಲಿ ಆಪಲ್ ಕಂಪನಿಯೂ ತನ್ನ ಐಪ್ಯಾಡ್ ಮಾರುವುದಕ್ಕೆ ಅವನ ಕವಿತೆಯನ್ನೇ ಹಿಡಿಯಿತು. ಇಂಥವರ ಕೈಯಲ್ಲಿ ಸಿಕ್ಕಿದ ಮನುಷ್ಯ ನಿಜವಾಗಿ ಯಾರು, ಯಾರ ಪಾಲಿನವನು ಎಂಬುದನ್ನು ನಮ್ಮ ಓದುಗರು ತಿಳಿಯಬೇಡವೆ?

ವಿಟ್ಮನ್ ಹುಟ್ಟಿದ್ದು 1819ರ ಮೇ 31ರಂದು, ನ್ಯೂಯಾರ್ಕಿಗೆ ಅಂಟಿದಂತಿರುವ ಲಾಂಗ್ ಐಲೆಂಡಿನ ವೆಸ್ಟ್ ಹಿಲ್ಸ್ ಎಂಬಲ್ಲಿ. ತಂದೆ ಬಡಗಿ, ಮನೆ ಕಟ್ಟಿ ಮಾರುವ ವ್ಯಾಪಾರಕ್ಕೆ ಇಳಿದು ಕೈಸುಟ್ಟುಕೊಂಡವನು. ಮಗನ ಶಾಲೆ ಹನ್ನೊಂದನೆಯ ವಯಸ್ಸಿಗೆ ಮುಗಿಯಿತು. ಮೊದಲು ವಕೀಲರ ಕಛೇರಿಯಲ್ಲಿ ಆಳುಹುಡುಗ; ಹನ್ನೆರಡಕ್ಕೆ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸ. 1835ರಲ್ಲಿ ನ್ಯೂಯಾರ್ಕಿಗೆ ದೊಡ್ಡ ಬೆಂಕಿ ಬಿದ್ದು ಅಚ್ಚುಕೂಟಗಳಿದ್ದ ಕೇರಿ ಸುಟ್ಟಾಗ ಕೆಲಸವೂ ಅದರೊಡನೆ ಹೋಯಿತು. ಹೊಟ್ಟೆಪಾಡಿಗೆ ಹಳ್ಳಿಯ ಶಾಲೆಗಳಲ್ಲಿ ಮೇಷ್ಟ್ರಾದ. ಆ ಕಸುಬು ಅವನಿಗೆ ಒಗ್ಗಲಿಲ್ಲ. (ನಮಗೂ ಅಷ್ಟೇನೂ ಒಗ್ಗಲಿಲ್ಲವಾದ್ದರಿಂದ ಇಲ್ಲಿ ನಮಗೆ ಅವನ ಮೇಲೆ ತುಸು ಬಂಧುಪ್ರೇಮ ಹುಟ್ಟುತ್ತದೆ.) 1838ರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ, ಲಾಂಗ್ ಐಲೆಂಡರ್ ಎಂಬ ವಾರಪತ್ರಿಕೆ ಹೊರಡಿಸಿದ. ಬರೆಯುವವನು ಅವನೇ, ಮೊಳೆ ಜೋಡಿಸುವವನು ಅವನೇ, ಕುದುರೆಯೇರಿ ಹೋಗಿ ಚಂದಾದಾರರ ಮನೆಗೆ ಮುಟ್ಟಿಸುವವನೂ ಅವನೇ. ಜಿಲ್ಲಾ ಊರಿನಲ್ಲಿ ವಾರಪತ್ರಿಕೆ ನಡೆಸುವ ಕಷ್ಟ ಏನೆಂದು ಬಲ್ಲವರಿಗೆ ಇನ್ನು ಹೆಚ್ಚು ಹೇಳಬೇಕಿಲ್ಲ.

1846ರಲ್ಲಿ ಬ್ರೂಕ್ಲಿನ್ ಈಗಲ್ ದಿನಪತ್ರಿಕೆಯ ಸಂಪಾದಕನಾದ. ಮೆಕ್ಸಿಕೋದಿಂದ ಕಿತ್ತುಕೊಂಡ ಹೊಸ ನೆಲದಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಎಂಬ ಪ್ರಶ್ನೆ ಎದ್ದಿತು. ಬೇಡವೆಂದು ಇವನು ಬರೆದ. ಪತ್ರಿಕೆಯ ಧಣಿಗೆ ಅದು ಹಿಡಿಸಲಿಲ್ಲ. 1848ರ ಜನವರಿಯಲ್ಲಿ ಕೆಲಸ ಹೋಯಿತು. ಕೆಲವು ತಿಂಗಳು ದಕ್ಷಿಣದ ನ್ಯೂ ಆರ್ಲೀನ್ಸಿನಲ್ಲಿ ಇನ್ನೊಂದು ಪತ್ರಿಕೆಗೆ ದುಡಿದ; ಮನುಷ್ಯರನ್ನು ಕಟ್ಟೆಯ ಮೇಲೆ ನಿಲ್ಲಿಸಿ ಹರಾಜು ಕೂಗುವುದನ್ನು ಅಲ್ಲಿ ಕಣ್ಣಾರೆ ಕಂಡ. ತಿರುಗಿ ಬಂದು ಗುಲಾಮಗಿರಿಯ ವಿಸ್ತರಣೆಗೆ ವಿರೋಧವಾಗಿ ಫ್ರೀಮನ್ ಎಂಬ ಪತ್ರಿಕೆ ತೆಗೆದ. ಮೊದಲ ಸಂಚಿಕೆ ಹೊರಬಿದ್ದ ರಾತ್ರಿಯೇ ಊರಿಗೆ ಬೆಂಕಿ ಬಿದ್ದು ಅಚ್ಚುಕೂಟ ಬೂದಿಯಾಯಿತು. ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ.

ಇಂಥವನು 1855ರ ಜುಲೈ ತಿಂಗಳಲ್ಲಿ ಒಂದು ತೆಳ್ಳನೆಯ ಪುಸ್ತಕವನ್ನು ಬ್ರೂಕ್ಲಿನ್ನಿನ ಪರಿಚಯದ ಅಚ್ಚುಕೂಟದಲ್ಲಿ ಸ್ವಂತ ಖರ್ಚಿನಿಂದ ಹಾಕಿಸಿದ. ಹೆಸರು ಲೀವ್ಸ್ ಆಫ್ ಗ್ರಾಸ್, ಅಂದರೆ ಹುಲ್ಲಿನ ಎಸಳುಗಳು. ಹನ್ನೆರಡು ಕವಿತೆ, 795 ಪ್ರತಿ. ಕೆಲವು ಪುಟಗಳ ಮೊಳೆಗಳನ್ನು ತಾನೇ ನಿಂತು ಜೋಡಿಸಿದ. ಮುಖಪುಟದಲ್ಲಿ ಕವಿಯ ಹೆಸರಿಲ್ಲ. ಎದುರಿಗೆ ಒಂದು ಚಿತ್ರ. ಕತ್ತಿನ ಗುಂಡಿ ಬಿಚ್ಚಿದ ಅಂಗಿ, ತಲೆಯ ಮೇಲೆ ಹ್ಯಾಟು, ಸೊಂಟದ ಮೇಲೆ ಕೈ. ಕೆಲಸ ಮುಗಿಸಿ ಬಂದ ಆಳಿನ ನಿಲುವು. ಆ ಕಾಲದ ಕವಿಗಳು ಕೋಟು ಟೈ ಇಲ್ಲದೆ ಚಿತ್ರ ತೆಗೆಸಿಕೊಳ್ಳುತ್ತಿರಲಿಲ್ಲ. ಬಲ್ಲವರು ಕೆಲವರು ಉಗಿದರು. ಅಂದಿನ ಅಮೆರಿಕದ ಹಿರಿಯ ವಿದ್ವಾಂಸನಾದ ಎಮರ್ಸನ್ ಮಾತ್ರ ಮೆಚ್ಚಿ ಕಾಗದ ಬರೆದ. ಮರುವರ್ಷದ ಮುದ್ರಣದಲ್ಲಿ ಆ ಖಾಸಗಿ ಕಾಗದದ ಒಂದು ವಾಕ್ಯವನ್ನು ನಮ್ಮ ಕವಿ ಅಪ್ಪಣೆ ಕೇಳದೆ ಪುಸ್ತಕದ ಬೆನ್ನಿನ ಮೇಲೆ ಚಿನ್ನದ ಅಕ್ಷರದಲ್ಲಿ ಒತ್ತಿಸಿಬಿಟ್ಟ! ನಮ್ಮ ಅಂಗಡಿಯ ಮಿತ್ರರು ಈ ಕೆಲಸವನ್ನು ಕ್ಷಮಿಸುವರೆಂದು ನಂಬಿದ್ದೇವೆ.

ಇನ್ನು ಆ ಕವಿತೆಗಳ ಮಾತು. ಪ್ರಾಸವಿಲ್ಲ, ಗಣವಿಲ್ಲ, ಮಾತ್ರೆಯ ಲೆಕ್ಕವಿಲ್ಲ. ಸಾಲಿನ ಉದ್ದ ಉಸಿರಿನ ಉದ್ದ. ಇಂಗ್ಲಿಷಿನ ಪಂಡಿತರಿಗೆ ಅದು ಕವಿತೆಯೇ ಅಲ್ಲವೆನ್ನಿಸಿತು. ಕನ್ನಡದವರಿಗೆ ಹಾಗೆ ಅನ್ನಿಸಬೇಕಾಗಿಲ್ಲ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ ಇವರೆಲ್ಲ ಹನ್ನೆರಡನೆಯ ಶತಮಾನದಲ್ಲೇ ಛಂದಸ್ಸಿನ ಹಂಗು ತೊರೆದು ಮಾತನಾಡಿದವರು. ತಮ್ಮ ಕಸುಬನ್ನೇ ಹೆಸರಿನ ಮುಂದೆ ಇಟ್ಟುಕೊಂಡವರು. ವಿಟ್ಮನ್ನನಿಗೂ ಅವರಿಗೂ ಏನೂ ಸಂಬಂಧವಿಲ್ಲ. ಆದರೆ ಬಾಗಿಲು ತಟ್ಟಿದ ಕೈ ಎಂಥದೆಂದು ನಮಗೆ ಬೇಗ ಗುರುತು ಸಿಕ್ಕುತ್ತದೆ.

ಅವನ ಒಂದು ರೀತಿಯನ್ನು ಗಿರಣಿಯವರು ಹೆಚ್ಚಾಗಿ ಗಮನಿಸಬೇಕು. ಅವನು ಜನರನ್ನು ಒಬ್ಬರಾದ ಮೇಲೊಬ್ಬರಂತೆ ಸಾಲಾಗಿ ಹೆಸರಿಸುತ್ತಾ ಹೋಗುತ್ತಾನೆ: ಬಡಗಿ, ದೋಣಿಯವನು, ನೇಯುವ ಹುಡುಗಿ, ಅಚ್ಚಿನವನು, ಹುಚ್ಚ, ಓಡಿಬಂದ ಗುಲಾಮ. ಓದಿದವರು ಕೆಲವರು ಇದನ್ನು ಬೇಸರದ ಪಟ್ಟಿ ಎಂದರು. ಅದು ಹಾಜರಿ ಪುಸ್ತಕ, ಸ್ವಾಮಿ! ಗಿರಣಿಯ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನ ಗತಿ ಏನೆಂದು ಬದಲಿ ಆಳುಗಳನ್ನು ಕೇಳಿ. ಕಾವ್ಯದ ಹಾಜರಿ ಪುಸ್ತಕದಲ್ಲಿ ಸಾವಿರಾರು ವರ್ಷ ರಾಜರ ಹೆಸರು, ದಳಪತಿಗಳ ಹೆಸರು, ಬೆಡಗಿಯರ ಹೆಸರು ಮಾತ್ರ ಇದ್ದವು. ಇವನು ಅದನ್ನು ಮೊದಲಿನಿಂದ ಬರೆದ. ಅವನ ದೊಡ್ಡ ಕವಿತೆಯೊಂದರಲ್ಲಿ ಬೀದಿಯ ವೇಶ್ಯೆ ಬಂದು ಹೋದ ಬೆನ್ನಿಗೇ ದೇಶದ ಅಧ್ಯಕ್ಷ ಮಂತ್ರಿಗಳ ನಡುವೆ ಕಾಣಿಸಿಕೊಳ್ಳುತ್ತಾನೆ. ಆಕೆಗೊಂದು ನ್ಯಾಯ, ಅವನಿಗೊಂದು ನ್ಯಾಯ ಎಂಬುದಿಲ್ಲ. ಅದೇ ಕವಿತೆಯಲ್ಲಿ ಓಡಿಬಂದ ಗುಲಾಮನೊಬ್ಬನಿಗೆ ಮನೆಯೊಳಗೆ ಜಾಗ ಕೊಟ್ಟು, ಗಾಯ ತೊಳೆದು, ಪಕ್ಕದಲ್ಲೇ ಕೂರಿಸಿ ಉಣ್ಣಿಸುವ ಭಾಗವಿದೆ. ಬಂದೂಕು ಮೂಲೆಯಲ್ಲಿ ಒರಗಿದೆ. ಓಡಿಹೋದ ಗುಲಾಮನಿಗೆ ನೆರವಾದವನನ್ನು ಶಿಕ್ಷಿಸುವ ಕಾನೂನು 1850ರಿಂದ ಅಲ್ಲಿ ಜಾರಿಯಲ್ಲಿತ್ತು ಎಂಬುದನ್ನು ನೆನೆದು ಓದಿದರೆ, ಆ ಬಂದೂಕು ಬರೀ ಅಲಂಕಾರವಲ್ಲವೆಂದು ಗೊತ್ತಾಗುತ್ತದೆ.

ನಮ್ಮ ದೇಶದ ಪಂಡಿತರಿಗೆ ಈ ಬಂದೂಕು ಕಾಣಿಸುವುದಿಲ್ಲ. ಅವರಿಗೆ ಕಾಣುವುದು ವೇದಾಂತ! ವಿವೇಕಾನಂದರು ಅವನನ್ನು ಅಮೆರಿಕದ ಸಂನ್ಯಾಸಿಯೆಂದು ಕರೆದರೆಂದು ರೋಮಾ ರೋಲಾ ಬರೆದದ್ದೇ ಸಾಕಾಯಿತು. ಉಪನಿಷತ್ತಿನ ಮಾತನ್ನೇ ಅವನು ಇಂಗ್ಲಿಷಿನಲ್ಲಿ ಹೇಳಿದನೆಂದು ಪ್ರಬಂಧಗಳು ಹುಟ್ಟಿಕೊಂಡವು. 1856ರಲ್ಲಿ ಥೋರೊ ಅವನನ್ನು ನೋಡಲು ಹೋಗಿ, ಪೂರ್ವದೇಶದ ಗ್ರಂಥಗಳನ್ನು ಓದಿರುವೆಯಾ ಎಂದು ಕೇಳಿದ. ಇಲ್ಲ, ನೀನೇ ಹೇಳು ಅವುಗಳ ವಿಷಯ ಎಂದು ಇವನ ಉತ್ತರ. ಅದು ಪೂರ್ತಿ ನಿಜವಲ್ಲ, ಅಷ್ಟಿಷ್ಟು ಓದಿದ್ದ ಎನ್ನುವವರೂ ಇದ್ದಾರೆ. ಇರಲಿ. ಎಲ್ಲರೊಳಗೂ ಒಂದೇ ಆತ್ಮ ಎನ್ನುತ್ತಾ ಊಟಕ್ಕೆ ಬೇರೆ ಪಂಕ್ತಿ ಹಾಕುವ ವೇದಾಂತವನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಓಡಿಬಂದವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಂಡ ಕವಿಯನ್ನು ಆ ಲೆಕ್ಕಕ್ಕೆ ಬರೆಯಬೇಡಿ.

1861ರಲ್ಲಿ ಗುಲಾಮಗಿರಿಯ ಪ್ರಶ್ನೆ ಯುದ್ಧವಾಯಿತು. ತಮ್ಮನಿಗೆ ಗಾಯವಾಗಿದೆಯೆಂದು 1862ರ ಡಿಸೆಂಬರಿನಲ್ಲಿ ಹುಡುಕಿಕೊಂಡು ಹೋದ ವಿಟ್ಮನ್, ವಾಷಿಂಗ್ಟನ್ನಿನ ಆಸ್ಪತ್ರೆಗಳಲ್ಲಿ ಉಳಿದೇ ಬಿಟ್ಟ. ಸಂಬಳವಿಲ್ಲ. ಅರೆಹೊತ್ತು ಗುಮಾಸ್ತೆಯ ಕೆಲಸ. ಉಳಿದ ಹೊತ್ತು ಕಿತ್ತಳೆ, ತಂಬಾಕು, ಕಾಗದ, ಲಕೋಟೆ ತುಂಬಿದ ಚೀಲ ಹಿಡಿದು ಹಾಸಿಗೆಯಿಂದ ಹಾಸಿಗೆಗೆ. ಬರಹ ಬಾರದ ಹುಡುಗರ ಪರವಾಗಿ ತಾಯಂದಿರಿಗೆ ಓಲೆ ಬರೆದ. ಆರುನೂರಕ್ಕೂ ಹೆಚ್ಚು ಸಲ ಹೋಗಿದ್ದೆ, ಎಂಬತ್ತು ಸಾವಿರದಿಂದ ಲಕ್ಷದಷ್ಟು ಗಾಯಾಳು ರೋಗಿಗಳ ನಡುವೆ ತಿರುಗಿದ್ದೆ ಎಂದು ಅವನದೇ ಲೆಕ್ಕ. 1865ರಲ್ಲಿ ಒಳಾಡಳಿತ ಇಲಾಖೆಯಲ್ಲಿ ಒಂದು ಗುಮಾಸ್ತೆಗಿರಿ ಸಿಕ್ಕಿತು. ಕಾರ್ಯದರ್ಶಿ ಹಾರ್ಲನ್ ಇವನ ಮೇಜಿನಲ್ಲಿದ್ದ ಪುಸ್ತಕ ನೋಡಿ, ನೀತಿಗೆಟ್ಟ ಬರಹವೆಂದು ಆರೇ ತಿಂಗಳಿಗೆ ಹೊರಹಾಕಿದ. 1882ರಲ್ಲಿ ಬಾಸ್ಟನ್ನಿನ ಸರ್ಕಾರಿ ವಕೀಲ ಅಶ್ಲೀಲವೆಂದು ಗದರಿಸಿದ ಮೇಲೆ ಅಲ್ಲಿಯ ಪ್ರಕಾಶಕ ಹೆದರಿ ಕೈಬಿಟ್ಟ. ಫಿಲಡೆಲ್ಫಿಯದವನು ಹಾಕಿದ, ಗದರಿಕೆಯ ಪುಣ್ಯದಿಂದ ಪುಸ್ತಕ ಅಲ್ಲಿ ಬಿಸಿ ದೋಸೆಯಂತೆ ಖರ್ಚಾಯಿತು.

ನಮ್ಮ ವಾದದ ಗಂಟು ಇರುವುದು 1887ರ ಏಪ್ರಿಲ್ 14ರ ಮಧ್ಯಾಹ್ನದಲ್ಲಿ. ಲಿಂಕನ್ನನಿಗೆ ಗುಂಡು ಬಿದ್ದ ದಿನದ ನೆನಪಿಗೆ ಅಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ನಾಟಕಶಾಲೆಯಲ್ಲಿ ವಿಟ್ಮನ್ನನ ಭಾಷಣ. ಪಾರ್ಶ್ವವಾಯು ಬಡಿದು ಹದಿನಾಲ್ಕು ವರ್ಷವಾಗಿತ್ತು. ಕ್ಯಾಮ್‌ಡೆನ್ ಊರಿನಲ್ಲಿ 1,750 ಡಾಲರಿಗೆ ಕೊಂಡ ಚಿಕ್ಕ ಮನೆಯಲ್ಲಿ ವಾಸ. ಈ ಸಭೆಯ ಒಂದು ಬಾಕ್ಸಿಗೆ ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ 350 ಡಾಲರ್ ಕೊಟ್ಟ. ಕವಿಯ ಮನೆಯ ಕ್ರಯದ ಐದರಲ್ಲೊಂದು ಪಾಲು, ಒಂದು ಮಧ್ಯಾಹ್ನಕ್ಕೆ! ಮುದುಕ ಕೃತಜ್ಞತೆಯಿಂದ ತೆಗೆದುಕೊಂಡ. ಅದೇ ಸಭೆಯಲ್ಲಿ ಇನ್ನೊಬ್ಬ ಕೇಳುಗನಿದ್ದ. ಅವನು ಹೊಸೆ ಮಾರ್ತಿ, ಸ್ಪೇನಿನ ಆಳ್ವಿಕೆಯನ್ನು ಎದುರಿಸಿ ದೇಶ ಬಿಟ್ಟಿದ್ದ ಕ್ಯೂಬಾದ ಕ್ರಾಂತಿಕಾರಿ, ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆಯುತ್ತಿದ್ದವನು. ಕೇಳಿ ಮನೆಗೆ ಹೋಗಿ ವಿಟ್ಮನ್ನನ ಮೇಲೆ ದೀರ್ಘ ಲೇಖನ ಬರೆದ. ಅದು ಆ ವರ್ಷವೇ ಮೆಕ್ಸಿಕೋದಲ್ಲೂ ಬ್ಯೂನಸ್ ಐರಿಸಿನಲ್ಲೂ ಅಚ್ಚಾಯಿತು. ಸ್ಪ್ಯಾನಿಷ್ ಓದುವ ಒಂದು ಖಂಡಕ್ಕೆ ಈ ಕವಿಯ ಪರಿಚಯ ಬೆಳೆದದ್ದು ಆ ಲೇಖನದಿಂದ. 1895ರಲ್ಲಿ ಮಾರ್ತಿ ಕ್ಯೂಬಾದ ಬಿಡುಗಡೆಗಾಗಿ ಕಾದಾಡುತ್ತಲೇ ಸತ್ತ.

ಒಂದು ಸಭೆ, ಇಬ್ಬರು ಗಿರಾಕಿಗಳು. ಆ ನಾಟಕಶಾಲೆಯಿಂದ ಇಬ್ಬರು ವಿಟ್ಮನ್ನರು ಹೊರಗೆ ಬಂದರು ಎನ್ನೋಣ.

ಕಾರ್ನೆಗಿಯ ಪಾಲಿಗೆ ಬಂದವನ ಕಥೆ ಕೇಳಿ. 1892ರ ಮಾರ್ಚ್ 26ರಂದು ಕವಿ ತೀರಿಕೊಂಡ. ಅದೇ ಜುಲೈ 6ರಂದು ಪೆನ್ಸಿಲ್ವೇನಿಯದ ಹೋಮ್‌ಸ್ಟೆಡ್ ಊರಿನ ಕಾರ್ನೆಗಿ ಕಾರ್ಖಾನೆಯಲ್ಲಿ, ಕೂಲಿ ಕಡಿತ ಒಪ್ಪದ ಸಂಘವನ್ನು ಮುರಿಯಲು ಬಾಡಿಗೆಯ ಬಂದೂಕಿನ ಪಿಂಕರ್‌ಟನ್ನರು ಮುನ್ನೂರು ಜನ ದೋಣಿಗಳಲ್ಲಿ ಬಂದರು. ಕಾಳಗವಾಯಿತು, ಎರಡೂ ಕಡೆ ಹೆಣ ಬಿದ್ದವು. ಬಳಿಕ ರಾಜ್ಯದ ಸೈನ್ಯ ಬಂತು, ನವೆಂಬರಿಗೆ ಸಂಘ ನೆಲಕಚ್ಚಿತು. ಕಾರ್ನೆಗಿ ಆಗ ಸ್ಕಾಟ್ಲೆಂಡಿನಲ್ಲಿದ್ದ. ಕೆಲಸ ಮಾಡಿಸಿದವನು ಮ್ಯಾನೇಜರ್ ಫ್ರಿಕ್. ದೊರೆಗಳು ಇಂಥ ದಿನ ಊರಲ್ಲಿರುವುದಿಲ್ಲ. ಹೋಮ್‌ಸ್ಟೆಡ್ಡಿನಿಂದ ನದಿಯ ಉದ್ದಕ್ಕೆ ಸ್ವಲ್ಪ ದೂರ ಹೋದರೆ ಬ್ರಾಡಕ್ ಎಂಬ ಊರು. 1875ರಲ್ಲಿ ಕಾರ್ನೆಗಿಯ ಮೊದಲ ದೊಡ್ಡ ಉಕ್ಕಿನ ಕಾರ್ಖಾನೆ ಶುರುವಾದದ್ದು ಅಲ್ಲಿ. ಒಂದು ಕಾಲಕ್ಕೆ ಸುಮಾರು ಇಪ್ಪತ್ತು ಸಾವಿರ ಜನರಿದ್ದ ಊರು 2010ರ ಹೊತ್ತಿಗೆ ಎರಡು ಸಾವಿರ ಚಿಲ್ಲರೆಗೆ ಇಳಿದಿತ್ತು. ವಿಟ್ಮನ್ನನ ಧ್ವನಿ ಮಾರಿದ ಜೀನ್ಸ್ ಕಂಪನಿ ಮರುವರ್ಷ, ಅಂದರೆ 2010ರಲ್ಲಿ, ತನ್ನ ಜಾಹೀರಾತು ತೆಗೆಯಲು ಆರಿಸಿಕೊಂಡದ್ದು ಇದೇ ಬ್ರಾಡಕ್! ಊರಿನ ಸಮುದಾಯ ಭವನಕ್ಕೆ ಹಣ ಕೊಟ್ಟರು, ಅದನ್ನು ಮುಚ್ಚಿಡುವುದಿಲ್ಲ. ಕಾರ್ನೆಗಿಯೂ ಆ ಊರಿಗೆ ಪುಸ್ತಕಾಲಯ ಕಟ್ಟಿಸಿಕೊಟ್ಟಿದ್ದ.

ಮಾರ್ತಿಯ ಪಾಲಿಗೆ ಬಂದವನು ಬೇರೆ ದಾರಿ ಹಿಡಿದ. ಚಿಲಿಯ ಪಾಬ್ಲೊ ನೆರೂಡ, ನಮ್ಮ ನೆರೆಯ ತಮಿಳಿನ ಸುಬ್ರಹ್ಮಣ್ಯ ಭಾರತಿ, ಇಂಗ್ಲೆಂಡಿನ ಸಮಾಜವಾದಿ ಎಡ್ವರ್ಡ್ ಕಾರ್ಪೆಂಟರ್ ಇವರೆಲ್ಲ ಅವನನ್ನು ತಮ್ಮವನೆಂದರು. ನೆರೂಡನ ಮನೆಯಲ್ಲಿ ವಿಟ್ಮನ್ನನ ಚಿತ್ರ ನೋಡಿದ ಕೆಲಸದವನೊಬ್ಬ, ಇವರು ನಿಮ್ಮ ಮನೆಯ ಹಿರಿಯರೇ ಎಂದು ಕೇಳಿದಾಗ ಕವಿ ಹೌದೆಂದನಂತೆ. ಆದರೆ ನಮ್ಮ ಓದುಗರಿಗೆ ನಾವು ಮುಖ್ಯವಾಗಿ ಹೇಳಬೇಕಾದ್ದು ಬೋಲ್ಟನ್ನಿನ ಮಾತು.

ಬೋಲ್ಟನ್ ಇಂಗ್ಲೆಂಡಿನ ಲ್ಯಾಂಕಷೈರಿನ ಹತ್ತಿಗಿರಣಿಯ ಊರು. ವಿಟ್ಮನ್ ಗಾಯಾಳುಗಳ ಶುಶ್ರೂಷೆ ಮಾಡುತ್ತಿದ್ದ ಯುದ್ಧದ ವರ್ಷಗಳಲ್ಲಿ ಅಮೆರಿಕದ ಹತ್ತಿ ಬಾರದೆ ಆ ಜಿಲ್ಲೆಯ ಗಿರಣಿಗಳು ನಿಂತು ಜನ ಹಸಿದರು. ಆಗಲೇ ನಮ್ಮ ಧಾರವಾಡ ಗದಗದ ಎರೆಭೂಮಿಯ ಹತ್ತಿಗೆ ಇದ್ದಕ್ಕಿದ್ದಂತೆ ಬೆಲೆ ಏರಿತು. 1865ರಲ್ಲಿ ಯುದ್ಧ ನಿಂತಿತು, ಬೆಲೆ ಬಿತ್ತು. ಅಂಥ ಊರಿನಲ್ಲಿ 1885ರ ಸುಮಾರಿಗೆ ಜೆ. ಡಬ್ಲ್ಯು. ವಾಲೇಸ್ ಎಂಬುವನ ಈಗಲ್ ಸ್ಟ್ರೀಟಿನ ಚಿಕ್ಕ ಮನೆಯಲ್ಲಿ ಸೋಮವಾರ ಸಂಜೆ ಕೆಲವರು ಕೂಡುತ್ತಿದ್ದರು. ಹೆಚ್ಚಿನವರು ಗುಮಾಸ್ತೆಗಳು, ಸಣ್ಣ ಕಸುಬಿನವರು. ಒಬ್ಬ ವೈದ್ಯ, ಡಾಕ್ಟರ್ ಜಾನ್ಸ್‌ಟನ್. ನೂಲುವವರು ಅವರಲ್ಲಿ ಕಡಮೆಯೆಂಬುದನ್ನೂ ಹೇಳಿಬಿಡುತ್ತೇವೆ. 1887ರಲ್ಲಿ ಹತ್ತು ಪೌಂಡು ಕೂಡಿಸಿ ಹುಟ್ಟುಹಬ್ಬಕ್ಕೆಂದು ಕವಿಗೆ ಕಳಿಸಿದರು. ಕಾರ್ನೆಗಿಯ 350 ಡಾಲರಿನ ವರ್ಷವೂ ಅದೇ! ಕವಿ ಇವರಿಗೆ ಉತ್ತರ ಬರೆದ, ಬರೆಯುತ್ತಲೇ ಹೋದ. 1890ರಲ್ಲಿ ವೈದ್ಯನೂ 1891ರಲ್ಲಿ ವಾಲೇಸನೂ ಹಡಗು ಹತ್ತಿ ಹೋಗಿ ನೋಡಿ ಬಂದರು. ಕವಿ ಸಾಕಿದ್ದ ಹಾಡುವ ಹಕ್ಕಿ ಸತ್ತ ಮೇಲೆ ಅದರ ಚರ್ಮಕ್ಕೆ ಹುಲ್ಲು ತುಂಬಿಸಿಟ್ಟದ್ದು ಇವರ ಪಾಲಿಗೆ ಬಂತು, ಈಗಲೂ ಬೋಲ್ಟನ್ನಿನಲ್ಲಿದೆ. ವಾಲೇಸ್ ಸ್ವತಂತ್ರ ಕಾರ್ಮಿಕ ಪಕ್ಷಕ್ಕೆ ದುಡಿದ. ಕೀರ್ ಹಾರ್ಡಿಗೆ ಮಿತ್ರನಾದ. ಹತ್ತು ಪೌಂಡಿನವರು ಕವಿಯ ಪುಸ್ತಕವನ್ನು ಓದಿದರು, ಓದಿದ ಮೇಲೆ ಪಕ್ಷಕ್ಕೆ ಸೇರಿದರು. ಮುನ್ನೂರ ಐವತ್ತರವನು ಬಾಕ್ಸು ಕೊಂಡ, ಆಮೇಲೆ ಪಿಂಕರ್‌ಟನ್ನರನ್ನು ತರಿಸಿದ ಕಂಪನಿಯ ಒಡೆಯನಾಗಿಯೇ ಉಳಿದ.

ಹಾಗಾದರೆ ವಿಟ್ಮನ್ ನಮ್ಮ ಪಕ್ಷದವನೋ? ಅಲ್ಲ. ಅವನ ಕೊನೆಯ ನಾಲ್ಕು ವರ್ಷ ದಿನವೂ ಬಂದು ಮಾತು ಬರೆದಿಟ್ಟುಕೊಂಡ ಹೊರೇಸ್ ಟ್ರಾಬೆಲ್ ಸಮಾಜವಾದಿ. ಎಷ್ಟು ಕೆದಕಿದರೂ ಮುದುಕ ಆ ಕಡೆ ಪೂರ್ತಿ ವಾಲಲಿಲ್ಲ. ಇದಕ್ಕಿಂತ ಕಹಿಯಾದ ಸಂಗತಿಗಳಿವೆ. ಈಗಲ್ ಪತ್ರಿಕೆಯಲ್ಲಿದ್ದಾಗ ಮೆಕ್ಸಿಕೋದ ಮೇಲಿನ ಯುದ್ಧವನ್ನು ಹುರಿದುಂಬಿಸಿ ಬರೆದ. ಗುಲಾಮಗಿರಿಯನ್ನು ವಿರೋಧಿಸಿದವನು, ಗುಲಾಮರಾಗಿದ್ದವರಿಗೆ ಮತದಾನದ ಹಕ್ಕು ಕೊಡುವಾಗ ಹಿಂಜರಿದ. ಕರಿಯರ ಬಗ್ಗೆ ಹೀನಾಯವಾದ ಮಾತು ಆಡಿದ್ದೂ ಬರಹದಲ್ಲಿ ಉಳಿದಿದೆ. ತನ್ನ ಹಾಜರಿ ಪುಸ್ತಕಕ್ಕೆ ತಾನೇ ಮಸಿ ಚೆಲ್ಲಿದ ಹಾಗಾಯಿತು. ಇದನ್ನು ನಾವು ಬಚ್ಚಿಟ್ಟರೆ ಜಾಹೀರಾತಿನವರಿಗೂ ನಮಗೂ ವ್ಯತ್ಯಾಸವೇನು?

ಇದಕ್ಕೆ ಉತ್ತರ ಕೊಡುವ ಹಕ್ಕು ಇದ್ದವನು ಕರಿಯ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್. ಅಮೆರಿಕದ ಹಾಡಿನಲ್ಲಿ ತನ್ನ ಜನಕ್ಕೂ ಪಾಲಿದೆ ಎಂದು ಸಾರಿದ ಅವನ ಕವಿತೆ 1926ರ ಸಂಗ್ರಹದಲ್ಲಿದೆ. ವಿಟ್ಮನ್ನನಿಗೆ ಮಗನ ಉತ್ತರ ಅದು: ಹಾಜರಿ ಕೂಗುವಾಗ ನೀನು ಮರೆತೆ, ನಾನೂ ಇದ್ದೇನೆ ಎಂದ ಹಾಗೆ. 1946ರಲ್ಲಿ ವಿಟ್ಮನ್ನನ ಕವಿತೆಗಳ ಒಂದು ಆಯ್ಕೆಗೆ ಅವನೇ ಮುನ್ನುಡಿ ಬರೆದ. 1953ರಲ್ಲಿ ಕರಿಯ ವಿದ್ವಾಂಸರೊಬ್ಬರು ವಿಟ್ಮನ್ನನ ಹಳೆಯ ಬರಹ ಎತ್ತಿ ತೋರಿಸಿ ಆಕ್ಷೇಪಿಸಿದಾಗ, ದೊಡ್ಡ ಕಲೆಗಾರರು ಯಾವಾಗಲೂ ಒಳ್ಳೆಯ ಮನುಷ್ಯರಾಗಿರುವುದಿಲ್ಲ, ಅವರ ಅತ್ಯುತ್ತಮ ಕೃತಿಯೇ ನಮಗೆ ಬೇಕಾದ್ದು ಎಂಬರ್ಥದ ಉತ್ತರವನ್ನು ಪತ್ರಿಕೆಯಲ್ಲಿ ಕೊಟ್ಟ. ನಾವು ಅದನ್ನು ಒಪ್ಪುತ್ತೇವೆ, ಆದರೆ ಆಕ್ಷೇಪಿಸಿದವರನ್ನೂ ಗೌರವಿಸುತ್ತೇವೆ.

ಇನ್ನೊಂದು ಮಾತು. ಗಂಡಸು ಗಂಡಸಿನ ನಡುವಿನ ಪ್ರೀತಿಯನ್ನು ವಿಟ್ಮನ್ 1860ರ ಮುದ್ರಣದ ಕವಿತೆಗಳಲ್ಲಿ ಮರೆಯಿಲ್ಲದೆ ಬರೆದ. ವಾಷಿಂಗ್ಟನ್ನಿನಲ್ಲಿ ಕುದುರೆ ಟ್ರಾಮಿನ ಕಂಡಕ್ಟರಾಗಿದ್ದ ಪೀಟರ್ ಡಾಯ್ಲ್ ಅವನಿಗೆ ಪರಮಾಪ್ತ. 1955ರಲ್ಲಿ ಫಿಲಡೆಲ್ಫಿಯದ ಹೊಸ ಸೇತುವೆಗೆ ಅವನ ಹೆಸರಿಡಲು ಹೊರಟಾಗ ಕ್ಯಾಮ್‌ಡೆನ್ನಿನ ಕ್ಯಾಥೊಲಿಕ್ ಧರ್ಮಾಧಿಕಾರಿಗಳು ಗಲಾಟೆ ಎಬ್ಬಿಸಿದರು. 1957ರಲ್ಲಿ ಸೇತುವೆ ತೆರೆಯಿತು, ಹೆಸರು ಅದೇ ಉಳಿಯಿತು. ಕೆಲಸಕ್ಕೆ ಹೋಗುವವರು ದಿನವೂ ಅದನ್ನು ದಾಟುತ್ತಾರೆ. ನಮ್ಮಲ್ಲೂ ಇದಕ್ಕೆ ಮೂಗು ಮುರಿಯುವವರು ಇದ್ದಾರೆ, ಇದ್ದರೆ ಮುರಿಯಲಿ.

ಕವಿ ಸತ್ತು ನೂರು ವರ್ಷದ ಮೇಲಾಯಿತು. ಅವನ ಕವಿತೆಗಳಿಗೆ ಈಗ ಹಕ್ಕುದಾರರಿಲ್ಲ. ಕಂಪನಿಗಳು ಬಳಸಿದ ಕವಿತೆಗೆ ರಾಯಧನ ಕೊಡಬೇಕಾಗಿರಲಿಲ್ಲ, ನಾವೂ ಕೊಡಬೇಕಾಗಿಲ್ಲ. ಅವನ ಹತ್ತು ಕವಿತೆ ಕನ್ನಡಕ್ಕೆ ತಿರುಗಿಸಿ ಹದಿನಾರು ಪುಟದ ಪುಸ್ತಿಕೆ ಹಾಕಲು ಯಾರ ಅಪ್ಪಣೆಯೂ ಬೇಡ. ಕಾಗದದ ಖರ್ಚು ಮಾತ್ರ ಬೇಕು. ಸಂಘದ ಕಛೇರಿಯಲ್ಲಿ ಭಾನುವಾರ ಸಂಜೆ ಓದಿ, ಗಿರಣಿಯವರ ಕಿವಿಗೆ ಹಿಡಿಸದ ಸಾಲನ್ನು ತಿದ್ದಿ, ಬರುವ ಮೇ 31ಕ್ಕೆ ಹೊರತರಬೇಕೆಂದು ಇದ್ದೇವೆ. ಇಂಗ್ಲಿಷ್ ಬಲ್ಲ ಮಿತ್ರರು ಇಬ್ಬರು ಆಗಲೇ ಒಪ್ಪಿದ್ದಾರೆ. ಕಾಗದಕ್ಕೆ ಒಬ್ಬ ಜವಳಿ ಅಂಗಡಿಯವರು ಮುಂದೆ ಬಂದಿದ್ದಾರೆ. ಮೂರನೆಯ ತರ್ಜುಮೆಗಾರರು ಬೇಕು.